ಬೆಳ್ಕೋಡಿಯ ಮೂಕಬಂಡೆ

ಬೆಳ್ಕೋಡಿ ಅಳಿವೆ ಬಾಯಲ್ಲಿ, ಹೊಳೆ ಕಡಲು ಸೇರೋ ಕಡೆ, ಮಂಡಿಯೂರಿದ ಕೋಣದಂಗೆ ಒಂದು ಕರಿಬಂಡೆ ಅದೆ. ತೆಂಕ ಬದಿಗೆ ಬಂದರದ ಕ್ರೇನುಗಳು. ಬಡಗ ಬದಿಗೆ ನೌಕಾದಳದ ಗೋಡೆ, ಅದರ ಮೇಲೆ ಮುಳ್ಳುತಂತಿ, ಆಚೆ ಬೂದಿಬಣ್ಣದ ಹಡಗು. ಬಂದರು ಒಂದು ಊರಲ್ಲಿರ್ತದೆ, ದಂಡು ಇನ್ನೊಂದು ಊರಲ್ಲಿರ್ತದೆ. ಎರಡನ್ನೂ ಮಡಿಲಲ್ಲಿ ಇಟ್ಕೊಂಡ ಊರು ಬೆಳ್ಕೋಡಿ ಒಂದೇ, ಬೇರೆ ಊರಿನವ್ರು ಬೇಕಾದ್ರೆ ಮುಖ ಊದಿಸ್ಕೊಳ್ಳಲಿ. ಆ ಬಂಡೆಗೆ ಮೂಕಬಂಡೆ ಅಂತ ಹೆಸರು. ಅಲೆ ಬಡಿದ್ರೂ ಸದ್ದು ಬರುದಿಲ್ಲ, ಅದಕ್ಕೇ ಹಂಗಂತಾರೆ ಅಂತ ಚಾ ಅಂಗಡೀಲಿ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅಂಥ ಮೂಕ ಅಲ್ಲ ಅದು. ಅದು ಕೂಗಿದ್ರೆ ಅರಬ್ಬೀ ದೇಶದ ಹಾಯಿ ಇತ್ತ ತಿರುಗ್ತಿತ್ತು.

ಹಿಂದೆ ಒಮ್ಮೆ, ಘಟ್ಟದ ಮೆಣಸೆಲ್ಲ ಎತ್ತಿನ ಬೆನ್ನ ಮೇಲೆ ಇಳಿದು ಇಲ್ಲೇ ಹಡಗು ಹತ್ತೋ ಕಾಲ ಅಂತಾರೆ. ಮೆಣಸು, ಅಕ್ಕಿ ಹೋಗೋದು, ಖರ್ಜೂರ, ಕುದುರೆ ಬರೋದು. ಅಳಿವೆಯ ಮರಳದಿಬ್ಬ ಪ್ರತಿ ಮಳೆಗಾಲ ಜಾಗ ಬದಲಿಸ್ತದೆ. ಒಳದಾರಿ ಬಲ್ಲವನು ಜಟ್ಟು ಅಂಬಿಗ ಒಬ್ಬನೇ. ಹಾಯಿ ಕಂಡ ಕೂಡ್ಲೆ ಬಂಡೆ ಹತ್ತಿ ಹಿತ್ತಾಳೆ ಕೊಂಬು ಊದೋನು. ಅದು ಕೇಳಿದ ಮೇಲೇ ನಾಖವ, ಅಂದ್ರೆ ಹಡಗಿನ ಯಜಮಾನ, ಒಳಮುಖ ಆಗೋನು. ಕೊಂಬು ಕೇಳಲಿಲ್ಲ ಅಂದ್ರೆ ಊರಿಗೆ ಸಿಡುಬು ಬಿದ್ದದೆ, ಇಲ್ಲಾ ಶತ್ರು ಹೊಕ್ಕಿದಾನೆ, ಬರಬೇಡಿ ಅಂತ ಅರ್ಥ. ಇದು ಕಡಲಿನವ್ರ ಕಟ್ಟಳೆ.

ಒಂದು ವರ್ಷ ಕಡಲ್ಗಳ್ಳರು ವ್ಯಾಪಾರಿಗಳ ಹಾಯಿ ಕಟ್ಕೊಂಡು ಬಂದ್ರು. ಜಟ್ಟು ಮೋಸ ಹೋಗಿ ಊದಿದ. ಅವರು ಒಳಗೆ ಬಂದು ಮೆಣಸಿನ ಉಗ್ರಾಣಕ್ಕೆ ಬೆಂಕಿ ಇಟ್ಟು ಹೋದ್ರು. ಆ ಉರಿ ಜಟ್ಟು ಎದೆಗೇ ಹತ್ತಿತು. ತಾನೇ ಘಟ್ಟ ಹತ್ತಿ ಅರಸನ ಕಾಲಿಗೆ ಬಿದ್ದು ದಂಡು ಬೇಡಿ ತಂದ. ಗುಡ್ಡದ ಮೇಲೆ ಕೋಟೆ ಎದ್ದಿತು. ಸಿಪಾಯಿಗಳು ಬಂದ ಮೇಲೆ ಮೀನಿಗೆ ಬೆಲೆ ಬಂತು, ಕಮ್ಮಾರನಿಗೆ ಕೈತುಂಬ ಕೆಲಸ, ಕಳ್ಳಿನ ಅಂಗಡೀಲಿ ಕೂರೋಕೆ ಜಾಗ ಇಲ್ಲ. ಕೋಟೆಯ ಅಧಿಕಾರಿ, ಕಿಲ್ಲೇದಾರ ಬಸವರಸ, ಜಟ್ಟುಗೆ ಕೆಂಪು ರುಮಾಲು ಸುತ್ತಿಸಿ, ಕತ್ತಿ ಮೇಲೆ ಕೈ ಇಡಿಸಿ ಮಾತು ತಗೊಂಡ: ಕೋಟೆ ಮೇಲೆ ಬಾವುಟ ಏರದೆ ಕೊಂಬು ಊದಬಾರದು. ಜಟ್ಟು ಆ ರುಮಾಲಲ್ಲೇ ಮಲಗ್ತಿದ್ದ ಅಂತಾರೆ. ಕೊಂಬು ಸುಮ್ಮನಿದ್ರೆ ಏನರ್ಥ ಅಂತ ಮಾತ್ರ ಅವನು ಕಿಲ್ಲೇದಾರನಿಗೆ ಹೇಳಲಿಲ್ಲ. ಲೋಕಕ್ಕೇ ಗೊತ್ತಿರೋದನ್ನ ಹೇಳೋದೇನು ಅಂತ ಬಿಟ್ಟಿದ್ದ. ಘಟ್ಟದ ಮೇಲಿನವನಿಗೆ ಕಡಲ ಕಟ್ಟಳೆ ಎಲ್ಲಿಂದ ಗೊತ್ತಿರಬೇಕು?

ನೂಲಹುಣ್ಣಿಮೆ ಕಳೆದು ಕಡಲು ತಣಿದ ಮೇಲೆ, ಒಂದು ಬೆಳಿಗ್ಗೆ ಜಮಾಲ್ ನಾಖವನ ಹಡಗುಗಳು ಕಂಡವು. ಹಳೇ ಗೆಳೆಯ; ತೇಪೆ ಹಾಕಿದ ಹಾಯಿ ನೋಡಿಯೇ ಜಟ್ಟು ಗುರುತು ಹಿಡಿದ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸ್ತದೆ, ಊದಿದ್ರೆ ನೇರ ಅವನ ಕಿವಿಗೇ. ಕೋಟೆ ಕಡೆ ನೋಡಿದ. ಬಾವುಟ ಇಲ್ಲ. ಕೋಟೆ ಬುಡಕ್ಕೆ ಓಡಿ ಪಹರೆಯವನನ್ನ ಕೇಳಿದ.

"ಕಿಲ್ಲೇದಾರರಿಗೆ ಇವತ್ತು ಎಣ್ಣೆಸ್ನಾನ," ಅಂದ ಪಹರೆಯವನು. "ಬಾವುಟದ ಹಗ್ಗ ಅವರೇ ಮುಟ್ಟಬೇಕು. ಎಣ್ಣೆ ತಲೇಲಿ ಮುಟ್ಟುದಿಲ್ಲ."

"ಹಡಗು ಕಾಯುದಿಲ್ಲ ಮಾರಾಯ."

"ಸೀಗೆಪುಡಿಯೂ ಕಾಯುದಿಲ್ಲ. ಹೋಗಿ ಕೂತ್ಕೋ."

ಜಟ್ಟು ಬಂಡೆಗೆ ಬಂದು ಕೊಂಬು ತೊಡೆ ಮೇಲಿಟ್ಟು ಕೂತ. ಹೆಂಡತಿ ದುರ್ಗಿ ಮೀನುಬುಟ್ಟಿ ಇಳಿಸಿ ಕೆಳಗಿಂದ ಕೂಗಿದಳು: "ಊದುದಿಲ್ವ ನೀನು? ಜಮಾಲಣ್ಣ ಅಲ್ವ ಅದು?"

"ಮಾತು ಕೊಟ್ಟಿದೇನೆ."

"ಹಾಯಿ ಕಂಡ್ರೆ ಊದ್ತೇನೆ ಅಂತ ಅವನಿಗೂ ಕೊಟ್ಟಿದ್ದಿ, ಇವ್ರಿಗಿಂತ ಮುಂಚೆ. ಆಗ ತಲೇಲಿ ರುಮಾಲು ಇರಲಿಲ್ಲ, ಅಷ್ಟೇ."

ಜಟ್ಟು ಕೈ ಕೊಂಬಿಗೆ ಹೋಯ್ತು, ಅಲ್ಲಿಂದ ರುಮಾಲಿಗೆ ಬಂತು, ಅಲ್ಲೇ ನಿಂತಿತು. ಹಿಂದಿನ ಸಲ ತಡೆಯದೆ ಊದಿ ಉಗ್ರಾಣ ಸುಡಿಸಿದವನು ತಾನೇ ಅಲ್ವ, ಈ ಸಲ ತಪ್ಪಬಾರದು ಅಂದ್ಕೊಂಡ. ಹೊತ್ತೇರಿತು. ಗಾಳಿ ತಿರುಗಿ ಕಡಲಿಂದ ನೆಲಕ್ಕೆ ಬೀಸತೊಡಗಿತು. ಆಮೇಲೆ ಬಾವುಟ ಏರಿತು. ಜಟ್ಟು ಕತ್ತಿನ ನರ ಉಬ್ಬೋ ಹಂಗೆ ಊದಿದ. ಸದ್ದೆಲ್ಲ ಹಿಂದಕ್ಕೆ ಬಂದು ಊರಿಗೇ ಬಿತ್ತು. ಜಮಾಲ್ ಕಟ್ಟಳೆ ಮೀರದ ಮನುಷ್ಯ. ಬೆಳ್ಕೋಡಿಗೆ ಏನೋ ಕೇಡು ಬಡೀತು ಅಂತ ಅಲ್ಲೇ ನಿಂತು ದುವಾ ಮಾಡಿ, ಹಾಯಿ ತೆಂಕಕ್ಕೆ ತಿರುಗಿಸಿದ. ಜಟ್ಟು ದೋಣಿ ಹಾಕಿ ಬೆನ್ನಟ್ಟಿದ. ಹಾಯಿಯನ್ನ ಹುಟ್ಟಿನಿಂದ ಹಿಡಿಯೋಕಾಗ್ತದಾ.

ಬೆಳ್ಕೋಡೀಲಿ ಸಿಡುಬು ಅನ್ನೋ ಸುದ್ದಿ ಬಂದರದಿಂದ ಬಂದರಕ್ಕೆ ಹೋಯ್ತು. ಆ ವರ್ಷ ಒಂದೂ ಹಾಯಿ ಬರಲಿಲ್ಲ, ಮರುವರ್ಷವೂ ಇಲ್ಲ. ಮೆಣಸಿನ ಎತ್ತುಗಳು ಬೇರೆ ಘಟ್ಟ ಇಳಿದವು. ಸಿಪಾಯಿಗಳು ಮಾತ್ರ ಇದ್ರು, ಖಾಲಿ ಅಳಿವೆ ಕಾಯ್ತಾ. ಜಟ್ಟು ರುಮಾಲು ಬಿಚ್ಚಿ ಕೋಟೆ ಬಾಗಿಲಲ್ಲಿಟ್ಟು, ಕೊಂಬನ್ನ ಬಂಡೆ ಬಿರುಕಿಗೆ ತುರುಕಿದ. ಆಮೇಲೆ ಆ ಬಂಡೆ ಕೂಗಲಿಲ್ಲ.

ಈಗಲೂ ಕಡಲಿನ ಇಳಿತದಲ್ಲಿ ಹೋದ್ರೆ ಆ ಬಿರುಕು ಕಾಣ್ತದೆ, ಒಳಗೆ ಹಸುರು ಕಿಲುಬು ಹತ್ತಿದೆ. ನೂಲಹುಣ್ಣಿಮೆ ದಿನ ಕಡಲಿಗೆ ತೆಂಗಿನಕಾಯಿ ಬಿಡೋ ಮುಂಚೆ ಅಂಬಿಗರಲ್ಲಿ ಒಬ್ಬ ಬಂಡೆ ಹತ್ತಿ, ಬೇರೊಂದು ಕೊಂಬು ತುಟಿಗಿಟ್ಟು, ಊದದೇ ಇಳಿಸ್ತಾನೆ. ಬಂಡೆ ಈಗ ನೌಕಾದಳದ ಬೇಲಿ ಒಳಗೆ ಸೇರಿದೆ, ಹೋಗೋಕೆ ಪಾಸು ಬೇಕು. ಪಾಸಿಗೆ ಸಹಿ ಹಾಕೋ ಸಾಹೇಬ್ರು ಬರೋ ತನಕ ಅಂಬಿಗರು ಕಾಯಿ ಹಿಡ್ಕೊಂಡು ಗೇಟಿನಾಚೆ ನಿಂತಿರ್ತಾರೆ. ಗಾಳಿ ಯಾವಾಗ ತಿರುಗ್ತದೆ ಅಂತ ನೋಡ್ತಿರ್ತಾರೆ.