ಬಿಳಿ ಬಿಲ್ಲೆಯೊಳಗಿನ ಬಿರುಕು

ಒಂದು ಗುಡ್ಡದ ಮೇಲೆ ಕಾಮಾಕ್ಷಿ ಮೇಡಂ ಅಂತ ಒಬ್ಬ ವಿಜ್ಞಾನಿ ಇದ್ದರು ಮಕ್ಕಳೇ. ಬೆಂಕಿ ಹತ್ತದ ಬ್ಯಾಟರಿ ಮಾಡಬೇಕು ಅನ್ನುವುದೊಂದೇ ಅವರ ಹುಚ್ಚು. ಅವರಿಗೊಬ್ಬ ಶಿಷ್ಯ, ಶಿವಯೋಗಿ. ಬುದ್ಧಿವಂತ, ಆದರೆ ಮಹಾ ಅವಸರದವನು. ಚಾರ್ಜಿಗೆ ಹಾಕಿದ ಮೊಬೈಲನ್ನು ಗಳಿಗೆಗೊಮ್ಮೆ ಎತ್ತಿ ನೋಡುವ ಪೈಕಿ. ನಿಮ್ಮ ಹಾಗೇ ಅನ್ನಿ!

ಮೊಬೈಲಿನ ಬ್ಯಾಟರಿ ಒಳಗೆ ಒಂದು ದ್ರವ ಇರುತ್ತದೆ. ಲಿಥಿಯಂ ಕಣಗಳು ಅದರಲ್ಲಿ ಈಜಿಕೊಂಡು ಈ ಕಡೆಯಿಂದ ಆ ಕಡೆ ಹೋಗುತ್ತವೆ. ತೀರಾ ಬಿಸಿಯಾದರೆ ಆ ದ್ರವಕ್ಕೇ ಬೆಂಕಿ ಹತ್ತುವುದು. ಮೇಡಂ ದ್ರವವನ್ನೇ ತೆಗೆದುಹಾಕಿದರು. ಅದರ ಜಾಗಕ್ಕೆ ಕುಲುಮೆಯಲ್ಲಿ ಸುಟ್ಟ, ಪಿಂಗಾಣಿಯಂಥ ಒಂದು ತೆಳ್ಳನೆಯ ಬಿಳಿ ಬಿಲ್ಲೆ ಇಟ್ಟರು. ಆದರೆ ದ್ರವದ ಹಾಗೆ ಬಿಲ್ಲೆ ಸಂದುಗೊಂದಿಗೆಲ್ಲ ನುಗ್ಗುತ್ತದೆಯೇ? ಬಿಲ್ಲೆಯೂ ಲಿಥಿಯಂ ಲೋಹವೂ ಎಲ್ಲಿ ತಾಗುತ್ತವೋ ಅಲ್ಲಿ ಮಾತ್ರ ಕಣಗಳಿಗೆ ದಾರಿ. ಅದಕ್ಕೇ ಎರಡನ್ನೂ ಉಕ್ಕಿನ ತಟ್ಟೆಗಳ ನಡುವೆ ಇಟ್ಟು ಬೋಲ್ಟು ಬಿಗಿಯುತ್ತಿದ್ದರು.

ಆ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬೋಲ್ಟನ್ನು ಒಂಚೂರು ತಿರುಗಿಸಿದವರು ಹೊರಗೆ ಹೋಗಿ, ನಿಧಾನವಾಗಿ ಒಂದು ಲೋಟ ಟೀ ಕುಡಿದು ಬರಬೇಕು. ಆಮೇಲೆಯೇ ಮತ್ತೆ ಕೈ ಹಾಕಬೇಕು.

"ಲೋಹ ಮೆಲ್ಲಗೆ ಹರಡಿಕೊಳ್ಳಲಿ. ಅದಕ್ಕೂ ಪುರುಸೊತ್ತು ಬೇಕಪ್ಪಾ" ಅನ್ನುತ್ತಿದ್ದರು ಮೇಡಂ.

ಒಂದು ದಿನ ಹೊಳೆಯಾಚೆಯ ಆಸ್ಪತ್ರೆಯಿಂದ ಫಿಲೋಮಿನಾ ಸಿಸ್ಟರ್ ಬರುವವರಿದ್ದರು. ಅವರ ವಾರ್ಡಿನಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು. ಯಾವುದಾದರೂ ಕೂಸಿನ ಉಸಿರು ನಿಂತರೆ ಕೂಗುವ ಒಂದು ಪುಟ್ಟ ಗಂಟೆ ಪೆಟ್ಟಿಗೆ ಅಲ್ಲಿತ್ತು. ಅದರ ಹಳೆಯ ಬ್ಯಾಟರಿ ಬೇಸಿಗೆಯಲ್ಲಿ ಉಬ್ಬಿ ಹೊಗೆಯಾಡಿದ್ದೇ ತಡ, ಎತ್ತಿ ಹೊರಗೆ ಹಾಕಿದ್ದರು. ಅಂದಿನಿಂದ ಸಿಸ್ಟರೂ ತಾಯಂದಿರೂ ಸರದಿಯಲ್ಲಿ ನಿದ್ದೆಗೆಟ್ಟು ಕಾಯುತ್ತಿದ್ದರು. ಇವತ್ತು ಹೊಸ ಬ್ಯಾಟರಿ ಸಿಗುತ್ತದೆ ಅಂತ ಸಿಸ್ಟರ್ ಪೆಟ್ಟಿಗೆಯನ್ನೂ ಹೊತ್ತು ಹೊರಟಿದ್ದರು.

ಬೆಳಿಗ್ಗೆ ಸಿಸ್ಟರನ್ನು ಕರೆತರಲು ಮೇಡಂ ಬಸ್‌ಸ್ಟ್ಯಾಂಡಿಗೆ ಹೋದರು. ಶಿವಯೋಗಿ ಹೊಸ ಬ್ಯಾಟರಿಗೆ ಜೋಡಿಸಿದ್ದ ಮೀಟರ್ ನೋಡಿದ. ಮುಳ್ಳು ಮೇಲೇಳಲೊಲ್ಲದು. ಅಯ್ಯೋ, ಮಾನ ಹೋಯಿತಲ್ಲ ಅನ್ನಿಸಿತು. ಟೀಯೂ ಬೇಡ ಗೀಯೂ ಬೇಡ ಅಂತ ಬೋಲ್ಟನ್ನು ಒಂದೇ ಏಟಿಗೆ ಬಿಗಿದುಬಿಟ್ಟ. ಮುಳ್ಳು ಟಣ್ಣನೆ ಮೇಲಕ್ಕೆ ಹಾರಿತು! ಹಾಲು ಕುಡಿದಷ್ಟು ಸಂತೋಷವಾಯಿತು ಅವನಿಗೆ. ಊಟ ಮಾಡಿದ, ಮೇಜಿಗೆ ತಲೆಯಿಟ್ಟ, ಜೊಂಪು ಹತ್ತಿತು.

ಕನಸಿನಲ್ಲಿ ಅವನೇ ಒಂದು ಲಿಥಿಯಂ ಕಣವಾಗಿದ್ದ. ಸುತ್ತಲೂ ಬೆಳ್ಳಗೆ, ಮಂಜಿನ ಒಳಗೆ ನಡೆದ ಹಾಗೆ. ಅವನ ಜೊತೆಗೆ ಸಾವಿರಾರು ಕಣಗಳು ಏನೋ ಗುನುಗುತ್ತಾ ತೇಲಿಕೊಂಡು ಹೊರಟಿದ್ದವು. ಹಿಂದಿನಿಂದ ಯಾರೋ ಒತ್ತುತ್ತಿದ್ದರು. ಎದುರಿನ ಬಿಳಿ ಗೋಡೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು. ಕಣಗಳು ಒಂದರ ಹಿಂದೊಂದು ಅದರೊಳಗೆ ಸೇರಿಕೊಂಡು ಬೇರಿನ ಹಾಗೆ ಬೆಳೆಯುತ್ತಿದ್ದವು.

"ಯಾಕ್ರೋ ಅದರೊಳಗೆ ನುಗ್ತೀರಾ?" ಅಂದ ಶಿವಯೋಗಿ.

"ನಾವೆಲ್ಲಿ ನುಗ್ತಿದ್ದೀವಿ? ನೀನೇ ದೂಡ್ತಿದ್ದೀಯಲ್ಲಪ್ಪಾ" ಅಂತು ಒಂದು ಕಣ, ನಿದ್ದೆಗಣ್ಣಲ್ಲಿ ಮಾತಾಡಿದಂತೆ. "ನಾವು ಹೀಗೆ ಬಿರುಕಿನಲ್ಲೇ ಬೇರುಬಿಟ್ಟು ಆ ಕಡೆ ಮುಟ್ಟಿದರೆ ಮುಗೀತು. ನಿನ್ನ ಬ್ಯಾಟರಿ ಸತ್ತ ಹಾಗೇ."

ಶಿವಯೋಗಿ ದಡಬಡ ಎದ್ದ. ಮುಳ್ಳು ಇನ್ನೂ ಮೇಲೇ ಇತ್ತು. ಮೇಡಂ ಮತ್ತು ಸಿಸ್ಟರ್ ಒಳಗೆ ಬಂದರು. ಮೀಟರ್ ನೋಡಿ ಮೇಡಂ ಮುಖ ಅರಳಿತು. ಬ್ಯಾಟರಿ ಸುತ್ತಿಕೊಳ್ಳಲು ಸಿಸ್ಟರ್ ಒಗೆದ ಟವೆಲ್ ಬಿಡಿಸಿದರು.

ಬರೀ ಕನಸು, ಸುಮ್ಮನಿರು ಅಂತು ಮನಸ್ಸು. ಆದರೆ ಬೋಲ್ಟು ಬಿಗಿದದ್ದು ಕನಸಲ್ಲವಲ್ಲ!

"ತಗೊಂಡು ಹೋಗಬೇಡಿ ಸಿಸ್ಟರ್" ಅಂದ. "ಮೇಡಂ, ನಾನು ಒಂದೇ ಸಲಕ್ಕೆ ಬಿಗಿದುಬಿಟ್ಟೆ. ಬಿಲ್ಲೆ ಒಳಗೆ ಬಿರುಕು ಬಿಟ್ಟಿರಬೇಕು."

ಮೇಡಂ ಕುರ್ಚಿಯಲ್ಲಿ ಕುಸಿದು ಕುಳಿತರು. ಕುಲುಮೆಯಲ್ಲಿ ಸುಟ್ಟವುಗಳಲ್ಲಿ ಒಡೆಯದೆ ಉಳಿದಿದ್ದ ಬಿಲ್ಲೆ ಅದೊಂದೇ. ಆದರೂ ಬೈಯಲಿಲ್ಲ. ನೋಡಿಯೇಬಿಡೋಣ ಅಂತ ಗಂಟೆ ಪೆಟ್ಟಿಗೆಗೆ ಬ್ಯಾಟರಿ ಜೋಡಿಸಿದರು. ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಮೂವರೂ ಅದನ್ನೇ ನೋಡುತ್ತಾ ಕುಳಿತರು. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಹೊಗೆಯಿಲ್ಲ, ಸದ್ದಿಲ್ಲ, ಪಕ್ಕನೆ ಆರಿಹೋಯಿತು.

ಶಿವಯೋಗಿಗೆ ಅಳು ತಡೆಯಲಾಗಲಿಲ್ಲ. "ಅಷ್ಟು ದೂರದಿಂದ ಬಂದಿರಿ ಸಿಸ್ಟರ್. ಬರಿಗೈಲಿ ಕಳಿಸ್ತಿದ್ದೀನಿ."

ಸಿಸ್ಟರ್ ಟವೆಲ್ ಮಡಚಿಟ್ಟು ಅವನ ತಲೆ ಸವರಿದರು.

"ಇದನ್ನ ನಂಬಿಕೊಂಡು ಇವತ್ತು ನಾವೆಲ್ಲ ಮಲಗಿಬಿಡ್ತಿದ್ವಿ ಮಗನೇ. ನೀನು ನಿಧಾನಕ್ಕೆ ಮಾಡು. ಅಲ್ಲಿವರೆಗೂ ನಾವು ಎದ್ದಿರ್ತೀವಿ."

ನೀತಿ: ಅವಸರದಲ್ಲಿ ಬಿಗಿದರೆ ಬೆಸುಗೆ ಆಗುವುದಿಲ್ಲ, ಬಿರುಕು ಬೀಳುತ್ತದೆ. ಕೆಲಸ ತಡವಾದರೆ ಜನ ಕಾಯುತ್ತಾರೆ. ಬಿರುಕು ಮುಚ್ಚಿಟ್ಟು ಕೊಟ್ಟರೆ, ನಮ್ಮನ್ನು ನಂಬಿ ಕಣ್ಣು ಮುಚ್ಚಿದವರಿಗೆ ದ್ರೋಹ ಮಾಡಿದಂತೆ.