ಹಳದಿ ಬಾವುಟದ ತಿರುವು

ದಾವಣಗೆರೆಯಲ್ಲಿ ಮಂದಾಕಿನಿ ಎಂಬ ಕಣ್ಣಿನ ಡಾಕ್ಟರು ಇದ್ದಳು. ಕೈ ನಡುಗದ ಹೆಂಗಸು ಎಂದು ಅವಳಿಗೆ ಊರಲ್ಲಿ ಹೆಸರು. ವಾರದ ಐದು ದಿನ ಕಣ್ಣಿನ ಪೊರೆ ತೆಗೆಯುತ್ತಿದ್ದಳು. ಆರನೆಯ ದಿನ ಚಿತ್ರದುರ್ಗಕ್ಕೆ ಹೋಗಿ ರೇಸು ಕಾರು ಓಡಿಸುವುದನ್ನು ಕಲಿಯುತ್ತಿದ್ದಳು.

ಕಲಿಸುತ್ತಿದ್ದವರು ಹಯಾತ್ ಸಾಬರು. ಒಂದು ಕಾಲಕ್ಕೆ ಕಾರು ರ‍್ಯಾಲಿಗಳಲ್ಲಿ ಹೆಸರು ಮಾಡಿದವರು. ಈಗ ಎಪ್ಪತ್ತೆರಡು ವಯಸ್ಸು, ಹೆದ್ದಾರಿ ಪಕ್ಕದಲ್ಲೊಂದು ಗ್ಯಾರೇಜು. ಹತ್ತಿರದವರಿಗೆಲ್ಲ ಅವರು ಉಸ್ತಾದ್.

ಮೊದಲ ದಿನವೇ ಅವಳು ಕೇಳಿದ್ದಳು.

"ಉಸ್ತಾದ್, ಜೋರಾಗಿ ಓಡಿಸೋದನ್ನ ಎಷ್ಟು ದಿನದಲ್ಲಿ ಕಲಿಸ್ತೀರಿ?"

"ಜೋರಾಗಿ ಓಡಿಸೋದನ್ನ ಗಾಡಿನೇ ಕಲಿಸುತ್ತೆ. ನಾನು ನಿಲ್ಲಿಸೋದು ಕಲಿಸ್ತೀನಿ."

ಆ ಮಳೆಗಾಲ ಪೂರ್ತಿ ಅವಳು ಊರಾಚೆಯ ಕೆರೆ ಅಂಗಳದ ಕೆಸರಿನಲ್ಲಿ ಬ್ರೇಕು ಹಾಕುವುದನ್ನಷ್ಟೇ ಕಲಿತಳು. ಮಿಕ್ಕದ್ದು ಆಮೇಲಿನ ಎಂಟು ವರ್ಷದಲ್ಲಿ ಬಂತು.

ಒಂಬತ್ತನೆಯ ವರ್ಷ ಇಬ್ಬರೂ ಬೆಲ್ಜಿಯಂಗೆ ಹೋದರು. ಅಲ್ಲಿ ಸ್ಪಾ ಎಂಬಲ್ಲಿ ಜಗತ್ತಿಗೇ ಗೊತ್ತಿರುವ ಒಂದು ರೇಸಿನ ದಾರಿಯಿದೆ. ಏಳು ಕಿಲೋಮೀಟರು, ಕಾಡಿನ ನಡುವೆ ಏರುತ್ತದೆ, ಇಳಿಯುತ್ತದೆ. ಹುಟ್ಟಿದ ಮೇಲೆ ಒಮ್ಮೆಯಾದರೂ ಅಲ್ಲಿ ಓಡಿಸಬೇಕು ಎಂದು ಈ ಹುಚ್ಚು ಹಿಡಿದವರೆಲ್ಲ ಹೇಳುತ್ತಾರೆ.

ಆ ವಾರಾಂತ್ಯದ ರೇಸು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವರದು. ಒಬ್ಬ ಬೇಕರಿಯವನು, ಒಬ್ಬ ಶಾಲೆ ಮೇಷ್ಟ್ರು, ಇಬ್ಬರು ವಕೀಲರು. ಒಟ್ಟು ನಲವತ್ತೆರಡು ಜನ. ಕಾರುಗಳು ಕೂಡ ಮನೆಮಂದಿಯನ್ನು ಕೂರಿಸಿಕೊಂಡು ಪೇಟೆಗೆ ಹೋಗುವಂಥವೇ. ಒಳಗಿನ ಸೀಟು ಕಿತ್ತು, ಕಬ್ಬಿಣದ ಪಂಜರ ಕೂರಿಸಿ ರೇಸಿಗೆ ಸಜ್ಜು ಮಾಡಿದ್ದರು.

ಮಂದಾಕಿನಿಯ ಕಾರು ಕೆಂಪು ಬಣ್ಣದ್ದು. ಅಲ್ಲಿನದೇ ಒಂದು ತಂಡದಿಂದ ಬಾಡಿಗೆಗೆ ಪಡೆದದ್ದು. ಆ ತಂಡದ ಯಜಮಾನನ ಹೆಸರು ಲೂಕ್.

ಶನಿವಾರ ಸಮಯದ ಪರೀಕ್ಷೆ. ಒಂದು ಸುತ್ತನ್ನು ಯಾರು ಎಷ್ಟು ಬೇಗ ಮುಗಿಸುತ್ತಾರೋ ಭಾನುವಾರದ ರೇಸಿನಲ್ಲಿ ಅವರು ಅಷ್ಟು ಮುಂದೆ ನಿಲ್ಲುತ್ತಾರೆ.

ಮಂದಾಕಿನಿ ಹದಿನಾಲ್ಕನೆಯವಳಾದಳು.

ಲೂಕ್ ಎರಡೂ ಕೈಯೆತ್ತಿ ಕೂಗಿದ. "ಮೊದಲ ಸಲಕ್ಕೇ ಹದಿನಾಲ್ಕು! ಇಲ್ಲಿ ಹತ್ತು ವರ್ಷದಿಂದ ಓಡಿಸುವವರು ನಿನ್ನ ಹಿಂದಿದ್ದಾರೆ!"

ಅವಳು ಹೆಲ್ಮೆಟ್ ತೆಗೆದಳು. ನಗಲಿಲ್ಲ.

ಉಸ್ತಾದ್ ಒಂದು ಟೈರಿನ ಮೇಲೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. ಅವಳು ಪಕ್ಕದಲ್ಲಿ ಕೂತಳು.

"ಉಸ್ತಾದ್, ಆಚೆ ತುದೀಲಿ ಒಂದು ಇಳಿಜಾರಿನ ತಿರುವಿದೆಯಲ್ಲ, ಪೂಹೋನ್ ಅಂತಾರೆ."

"ಹ್ಞೂಂ."

"ಅಲ್ಲಿ ಹಳದಿ ಬಾವುಟ ಬೀಸ್ತಾ ಇದ್ರು."

ಹಳದಿ ಬಾವುಟವೆಂದರೆ ಮುಂದೆ ಅಪಾಯವಿದೆ, ನಿಧಾನಿಸು ಎಂದರ್ಥ. ಯಾವ ದೇಶದ ರೇಸಿನಲ್ಲಾದರೂ ಅದು ಮೊದಲ ಪಾಠ.

"ನೋಡಿದ್ರಾ?" ಉಸ್ತಾದ್ ಕೇಳಿದರು.

"ನೋಡಿದೆ. ಅದು ನನ್ನ ಒಳ್ಳೇ ಸುತ್ತು, ಉಸ್ತಾದ್. ಅಲ್ಲೀತನಕ ಒಂದೂ ತಪ್ಪಿರಲಿಲ್ಲ. ಆಕ್ಸಿಲರೇಟರಿಂದ ಕಾಲು ತೆಗೀಲಿಲ್ಲ."

ಉಸ್ತಾದ್ ಚಹಾ ಕುಡಿದರು.

"ಯಾರೂ ನೋಡಲಿಲ್ಲ," ಎಂದಳು ಅವಳು. "ನೋಡಿದ್ದಿದ್ರೆ ಇಷ್ಟೊತ್ತಿಗೆ ಕರೆಸ್ತಿದ್ರು. ಯಾರಿಗೂ ಏನೂ ಆಗಲಿಲ್ಲ. ಆದರೂ ಅದು ತಪ್ಪು ಅಂತ ಆಗುತ್ತಾ?"

ಉಸ್ತಾದ್ ಲೋಟ ಒದರಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

"ಶೂ ಬದಲಾಯಿಸಿ, ಡಾಕ್ಟ್ರಮ್ಮ. ನಡೀಬೇಕು."

ಆ ದಿನದ ಓಟಗಳೆಲ್ಲ ಮುಗಿದಿದ್ದವು. ಬಿಸಿಲು ಇನ್ನೂ ಚೆನ್ನಾಗಿತ್ತು. ದಾರಿಯ ಪಕ್ಕದ ಸಣ್ಣ ರಸ್ತೆಯಲ್ಲಿ ಇಬ್ಬರೂ ಮುಕ್ಕಾಲು ಗಂಟೆ ನಡೆದರು. ಮಂಗನ ಟೋಪಿ ಹಾಕಿಕೊಂಡು ಉಸ್ತಾದ್ ಮುಂದೆ, ಅವಳು ಹಿಂದೆ.

ಪೂಹೋನ್ ತಿರುವಿನಲ್ಲಿ ಕಿತ್ತಳೆ ಬಣ್ಣದ ಕೋಟು ತೊಟ್ಟ ಒಬ್ಬ ಹೆಂಗಸು ಬಾವುಟಗಳನ್ನು ಸುತ್ತಿ ಚೀಲಕ್ಕೆ ತುಂಬುತ್ತಿದ್ದಳು. ಅರವತ್ತರ ಮೇಲಿನ ವಯಸ್ಸು, ಮೊಣಕಾಲಿಗೆ ಪಟ್ಟಿ ಸುತ್ತಿದ್ದಳು.

ಉಸ್ತಾದ್ ಕೈಯೆತ್ತಿ ಸಲಾಂ ಮಾಡಿ ಫ್ಲಾಸ್ಕು ಮುಂದೆ ಹಿಡಿದರು. ಆ ಹೆಂಗಸು ನಕ್ಕು ಚಹಾದ ಲೋಟ ತೆಗೆದುಕೊಂಡಳು. ಒಬ್ಬರ ಮಾತು ಒಬ್ಬರಿಗೆ ಬರುತ್ತಿರಲಿಲ್ಲ. ಚಹಾ ಇಬ್ಬರಿಗೂ ಗೊತ್ತಿತ್ತು.

ಮಂದಾಕಿನಿ ಇಂಗ್ಲಿಷಿನಲ್ಲಿ ಮಾತಾಡಿಸಿದಳು. ಹೆಂಗಸಿನ ಹೆಸರು ಜೋಸೆಟ್. ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಪ್ಪತ್ತೆರಡು ವರ್ಷದಿಂದ ರೇಸಿದ್ದಾಗಲೆಲ್ಲ ಬಂದು ಇಲ್ಲಿ ನಿಲ್ಲುತ್ತಾಳೆ. ಸಂಬಳವಿಲ್ಲ. ಮಧ್ಯಾಹ್ನ ಒಂದು ಬ್ರೆಡ್ಡು, ಒಂದು ಸೇಬು ಕೊಡುತ್ತಾರೆ.

"ಇವತ್ತು ಮಧ್ಯಾಹ್ನ ಇಲ್ಲಿ ಹಳದಿ ಬಾವುಟ ಇತ್ತಲ್ಲ, ಯಾಕೆ?" ಮಂದಾಕಿನಿ ಕೇಳಿದಳು.

"ಯಾರದೋ ಬಂಪರು ಕಳಚಿ ದಾರಿ ಅಂಚಿಗೆ ಬಿದ್ದಿತ್ತು. ಅದನ್ನು ತೆಗೆಯಲು ಹೋಗಿದ್ದೆ. ನನ್ನ ಜೊತೆಯವನು ಬಾವುಟ ಬೀಸುತ್ತಿದ್ದ."

ಜೋಸೆಟ್ ನಾಲ್ಕು ಹೆಜ್ಜೆ ಹೋಗಿ ತಾನು ಬಗ್ಗಿದ್ದ ಜಾಗ ತೋರಿಸಿದಳು. ದಾರಿಯಂಚಿನ ಬಿಳಿ ಗೆರೆಯಿಂದ ಒಂದು ಮಾರು ದೂರ, ಅಷ್ಟೆ.

"ಒಂದು ಕೆಂಪು ಕಾರು ಬಂತು. ಅದರ ಗಾಳಿಗೆ ನನ್ನ ಟೋಪಿ ಹಾರಿ ಹೋಯಿತು." ಅವಳು ನಕ್ಕಳು. "ಬಡಪಾಯಿ, ಅವನಿಗೆ ಬಾವುಟ ಕಂಡೇ ಇಲ್ಲ. ತಪ್ಪು ನಮ್ಮದೇ ಇರಬೇಕು. ಆ ಹೊತ್ತಿಗೆ ಬಿಸಿಲು ಈ ಕಡೆ ಬೀಳುತ್ತದೆ. ನಾಳೆಯಿಂದ ಬಾವುಟವನ್ನು ಇನ್ನೂ ಎತ್ತರದಲ್ಲಿ ಹಿಡಿಯಬೇಕು ಅಂತ ನಾವಿಬ್ಬರೂ ಮಾತಾಡಿಕೊಂಡೆವು."

ಮಂದಾಕಿನಿ ಆ ಬಿಳಿ ಗೆರೆಯನ್ನು ನೋಡಿದಳು.

"ಬಾವುಟ ಚೆನ್ನಾಗಿಯೇ ಕಾಣುತ್ತಿತ್ತು," ಎಂದಳು. "ಆ ಕಾರು ಓಡಿಸಿದವಳು ನಾನು."

ಜೋಸೆಟ್ ಅವಳ ಮುಖ ನೋಡಿದಳು. ಬಯ್ಯಲಿಲ್ಲ. ಲೋಟದಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದಳು.

"ಹಾಗಾದರೆ ಎತ್ತರ ಹಿಡಿಯುವುದು ಬೇಡ," ಎಂದು ಲೋಟ ವಾಪಸು ಕೊಟ್ಟು ಚೀಲದ ಬಾಯಿ ಕಟ್ಟಿದಳು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಮಂದಾಕಿನಿ ನಿಂತಳು. ತಡೆಯಲಾಗಲಿಲ್ಲ.

"ನೀವು ಒಂದು ಮಾತೂ ಅನ್ನಲಿಲ್ಲ, ಉಸ್ತಾದ್."

"ಏನನ್ನಲಿ?"

"ಈಗ ಏನು ಮಾಡ್ಬೇಕು ಅಂತ."

"ನಾನು ಗಾಡಿ ಕಲಿಸೋನು, ಡಾಕ್ಟ್ರಮ್ಮ. ಅದನ್ನ ನಿಮ್ಮಮ್ಮ ಕಲಿಸಿರ್ತಾರೆ."

ಅವಳು ನೇರವಾಗಿ ಅಧಿಕಾರಿಗಳ ಕೋಣೆಗೆ ಹೋದಳು. ಬಾಗಿಲು ಹಾಕಿ ಹೊರಡಲಿದ್ದ ಹಿರಿಯ ಅಧಿಕಾರಿ ಮತ್ತೆ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಅವಳು ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡ.

"ನಿಮ್ಮ ಮೇಲೆ ಯಾರೂ ದೂರು ಕೊಟ್ಟಿಲ್ಲವಲ್ಲ," ಎಂದ.

"ಗೊತ್ತು. ನಾನೇ ಕೊಡುತ್ತಿದ್ದೇನೆ."

ನಿಯಮ ನಿಯಮವೇ. ಅವಳ ಎಲ್ಲ ಸುತ್ತುಗಳನ್ನೂ ಅಳಿಸಿದರು. ಭಾನುವಾರ ಅವಳು ನಿಲ್ಲಬೇಕಾದ ಜಾಗ ನಲವತ್ತೆರಡನೆಯದು. ಅದರ ಹಿಂದೆ ಜಾಗವೇ ಇರಲಿಲ್ಲ.

ಲೂಕ್ ತಲೆ ಚಚ್ಚಿಕೊಂಡ. "ಕೇಳಿದವರು ಯಾರು? ನಿನ್ನನ್ನು ಕೇಳಿದವರು ಯಾರು?" ಆ ಸಂಜೆ ಅವನು ಅವಳ ಜೊತೆ ಮತ್ತೆ ಮಾತಾಡಲಿಲ್ಲ.

ಅವಳು ಮಾತ್ರ ಹೊಟ್ಟೆ ತುಂಬ ಉಂಡು ಚೆನ್ನಾಗಿ ನಿದ್ದೆ ಮಾಡಿದಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ರೇಸು. ಅರ್ಧ ಗಂಟೆಯ ಓಟ. ಕಾರುಗಳು ಎರಡೆರಡಾಗಿ ಸಾಲು ನಿಂತವು. ಮಂದಾಕಿನಿಗೆ ಕಂಡದ್ದು ಬರೀ ಬಾಲಗಳು. ಸಾಲಿನ ಮೊದಲ ಕಾರು ಎಲ್ಲಿದೆ ಎಂಬುದೂ ಕಾಣುತ್ತಿರಲಿಲ್ಲ.

ಉಸ್ತಾದ್ ಕಿಟಕಿಯ ಹತ್ತಿರ ಬಂದು ಬಗ್ಗಿದರು.

"ಹೆದರಿಕೆನಾ?"

"ಇಲ್ಲ ಉಸ್ತಾದ್. ಆದರೆ ನಲವತ್ತೊಂದು ಜನ ಮುಂದಿದ್ದಾರೆ. ಎಲ್ಲಿಂದ ಶುರು ಮಾಡಬೇಕು ಅಂತ ತಿಳೀತಿಲ್ಲ."

ಉಸ್ತಾದ್ ಒಳಗೆ ಕೈ ಹಾಕಿದರು. ಹಿಂದಿನದನ್ನು ನೋಡುವ ಕನ್ನಡಿಯನ್ನು ಹಿಡಿದು ಚಾವಣಿಯ ಕಡೆಗೆ ತಿರುಗಿಸಿದರು.

"ಇದೇನಿದು?"

"ನಿಮ್ಮ ಹಿಂದೆ ಯಾರಿದಾರೆ?"

"ಯಾರೂ ಇಲ್ಲ."

"ಮತ್ತೆ ಇದ್ಯಾಕೆ? ಒಬ್ಬರನ್ನ ದಾಟಿದ ಮೇಲೆ ಸರಿ ಮಾಡ್ಕೊಳ್ಳಿ." ಕಾರಿನ ಚಾವಣಿಯ ಮೇಲೆ ಎರಡು ಸಲ ತಟ್ಟಿ ಅವರು ದಾರಿ ಪಕ್ಕದ ಗೋಡೆಯಾಚೆ ಹೋದರು.

ಹೊರಡುವ ಸೂಚನೆಯಾಗಿ ಕೆಂಪು ದೀಪಗಳು ಆರಿದವು.

ಮೊದಲ ತಿರುವಿನಲ್ಲಿ ಮುಂದಿನವರೆಲ್ಲ ಒಳಗಿನ ಅಂಚಿಗೇ ನುಗ್ಗಿ ಒಬ್ಬರಿಗೊಬ್ಬರು ಅಡ್ಡವಾದರು. ಮಂದಾಕಿನಿ ಹೊರಗಿನ ಅಂಚು ಹಿಡಿದಳು. ದಾರಿ ಅಗಲವಾಗಿತ್ತು, ಅಲ್ಲಿ ಯಾರೂ ಇರಲಿಲ್ಲ. ತಿರುವು ಮುಗಿದು ಇಳಿಜಾರು ಸಿಕ್ಕಾಗ ಅವಳು ಕನ್ನಡಿ ಸರಿ ಮಾಡಿಕೊಂಡಳು. ಅದರಲ್ಲಿ ಆರು ಕಾರುಗಳಿದ್ದವು.

ಹೆಲ್ಮೆಟ್ಟಿನೊಳಗೇ ಜೋರಾಗಿ ನಕ್ಕುಬಿಟ್ಟಳು.

ಇಳಿಜಾರಿನ ತಳದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಗೋಡೆ ಹತ್ತಿದ ಹಾಗೆ ಮೇಲಕ್ಕೆ ಏರಬೇಕು. ಆ ಜಾಗದ ಚಿತ್ರವನ್ನು ಅವಳು ವರ್ಷಗಟ್ಟಲೆ ಆಸ್ಪತ್ರೆಯ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಳು. ಈಗ ಅದನ್ನು ಹತ್ತುವಾಗ ಹೊಟ್ಟೆ ಒಮ್ಮೆ ಕೆಳಗೆ ಉಳಿದು ಆಮೇಲೆ ಬಂದು ಸೇರಿಕೊಂಡಿತು. ಕಾಲು ಅಲುಗಲಿಲ್ಲ.

ನಾಲ್ಕನೆಯ ಸುತ್ತಿನಲ್ಲಿ ಮಳೆ ಬಂತು. ಪೂರ್ತಿ ದಾರಿಯ ಮೇಲಲ್ಲ. ಹೊರಟ ಜಾಗದಲ್ಲಿ ಬಿಸಿಲು, ಕಾಡಿನ ಆಚೆ ತುದಿಯಲ್ಲಿ ಮಳೆ. ಆ ಊರಿನ ಮಳೆಯೇ ಹಾಗಂತೆ.

ಕೆಲವರು ಮಳೆಯ ಟೈರು ಹಾಕಿಸಿಕೊಳ್ಳಲು ದಾರಿ ಬಿಟ್ಟು ತಮ್ಮ ತಂಡದವರ ಬಳಿ ಹೋದರು. ಕೆಲವರು ಒದ್ದೆ ಕಂಡ ಕೂಡಲೇ ಬ್ರೇಕು ಒತ್ತಿ ಗಿರ್ರನೆ ತಿರುಗಿ ಹುಲ್ಲಿಗೆ ಬಿದ್ದರು.

ಮಂದಾಕಿನಿ ಬ್ರೇಕಿನ ಮೇಲೆ ಕಾಲು ಇಟ್ಟು ಮೆಲ್ಲಗೆ ಒತ್ತಿದಳು. ಪೊರೆ ತೆಗೆಯುವಾಗ ಕಣ್ಣೊಳಗಿನ ತೆಳು ಚೀಲ ಹರಿಯುವುದಕ್ಕೆ ಮೊದಲು ಬೆರಳಿಗೆ ಒಂದು ಸುಳಿವು ಸಿಗುತ್ತದೆ. ಜಾರುವ ಮೊದಲು ಟೈರೂ ಅಂಗಾಲಿಗೆ ಹಾಗೇ ಹೇಳಿತು. ಅಷ್ಟಕ್ಕೇ ಒತ್ತುವುದನ್ನು ನಿಲ್ಲಿಸಿದಳು. ಕೆರೆ ಅಂಗಳದ ಕೆಸರಿಗಿಂತ ಇದು ಗಟ್ಟಿ ನೆಲ.

ಒಂದು ನೀಲಿ ಕಾರು ದಾಟಿದಳು. ಒಟ್ಟಿಗಿದ್ದ ಎರಡು ಬಿಳಿ ಕಾರುಗಳನ್ನು ದಾಟಿದಳು. ಆಮೇಲೆ ಲೆಕ್ಕ ಬಿಟ್ಟಳು. ಪ್ರತಿ ಸುತ್ತಿಗೂ ಕಣ್ಣಿಗೆ ಬೀಳುತ್ತಿದ್ದದ್ದು ಮುಂದಿನ ಒಂದು ಬಾಲ ಮಾತ್ರ. ಅದು ಹಿಂದೆ ಸರಿದರೆ ಇನ್ನೊಂದು.

ಪೂಹೋನ್ ತಿರುವಿಗೆ ಬಂದಾಗಲೆಲ್ಲ ಬಾವುಟದ ಕಡೆ ನೋಡಿದಳು. ಏಳನೆಯ ಸುತ್ತಿನಲ್ಲಿ ಹಳದಿ ಬೀಸುತ್ತಿತ್ತು. ಕಾಲು ತೆಗೆದಳು. ಹಿಂದಿನ ಕಾರು ಮೂಗು ತಾಗಿಸುವಷ್ಟು ಹತ್ತಿರ ಬಂತು. ಬರಲಿ ಎಂದುಕೊಂಡಳು. ಅದನ್ನು ದಾಟಿ, ಮುಂದೆ ದಾರಿ ಸರಿಯಿದೆ ಎನ್ನುವ ಹಸಿರು ಬಾವುಟ ಕಂಡದ್ದೇ ಮತ್ತೆ ಒತ್ತಿದಳು.

ಓಟ ಮುಗಿಯಿತು ಎನ್ನುವ ಚೌಕಳಿ ಬಾವುಟ ಬೀಸಿದಾಗ ಅವಳಿಗೆ ತಾನು ಎಷ್ಟನೆಯವಳು ಎಂಬುದು ಗೊತ್ತಿರಲಿಲ್ಲ. ಮೈಯೆಲ್ಲ ಬೆವರು. ಮನಸ್ಸು ಬಿಳಿ ಬಟ್ಟೆಯಂತಿತ್ತು. ಇನ್ನೂ ಹತ್ತು ಸುತ್ತು ಓಡಿಸು ಎಂದರೂ ಓಡಿಸಬಲ್ಲೆ ಎನ್ನಿಸಿತು.

ಓಟ ಮುಗಿದ ಮೇಲೆ ಒಂದು ಸುತ್ತು ನಿಧಾನವಾಗಿ ಬರಬೇಕು. ಆಗ ದಾರಿಯುದ್ದಕ್ಕೂ ಬಾವುಟದವರೆಲ್ಲ ಹೊರಗೆ ಬಂದು ಕೈಬೀಸುತ್ತಾರೆ. ಪೂಹೋನಿನಲ್ಲೂ ಐದಾರು ಜನ ನಿಂತಿದ್ದರು. ಎಲ್ಲರದೂ ಕಿತ್ತಳೆ ಕೋಟು, ಮಳೆಗೆ ಎಲ್ಲರದೂ ತಲೆ ಮುಚ್ಚಿತ್ತು. ಜೋಸೆಟ್ ಯಾರೆಂದು ತಿಳಿಯಲಿಲ್ಲ. ಮಂದಾಕಿನಿ ಎಲ್ಲರಿಗೂ ಕೈಬೀಸಿದಳು.

ಕಾರು ನಿಲ್ಲಿಸುತ್ತಿದ್ದ ಹಾಗೆ ಲೂಕ್ ಓಡಿ ಬಂದ. ಮುನಿಸೆಲ್ಲ ಹೋಗಿತ್ತು. "ಹದಿನೇಳು!" ಎಂದು ಕಿರುಚಿದ. "ನಲವತ್ತೆರಡರಿಂದ ಹದಿನೇಳು! ನೀನು ಮನುಷ್ಯಳಲ್ಲ!" ಅವಳನ್ನು ಅಪ್ಪಿಕೊಂಡು ತಂಡದವರನ್ನೆಲ್ಲ ಕೂಗಿ ಕರೆಯಲು ಹೋದ.

ಉಸ್ತಾದ್ ಮುಂದಿನ ಚಕ್ರದ ಪಕ್ಕ ಕೂತು ಟೈರಿನ ಮೇಲೆ ಅಂಗೈ ಆಡಿಸುತ್ತಿದ್ದರು. ನಾಲ್ಕೂ ಟೈರು ಒಂದೇ ಸಮ ಸವೆದಿದ್ದವು. ಅವರು ಮೆಚ್ಚಿ ತಲೆಯಾಡಿಸಿದರು. ಒಂಬತ್ತು ವರ್ಷದಲ್ಲಿ ಆ ತಲೆಯಾಡಿಸುವಿಕೆಯನ್ನು ಅವಳು ನೋಡಿದ್ದು ಎರಡೋ ಮೂರೋ ಸಲ.

ಅವಳು ಅವರ ಎದುರು ನೆಲದ ಮೇಲೇ ಕೂತಳು. ಗೆದ್ದವರ ಗೌರವಕ್ಕೆ ಹಾಕಿದ ಹಾಡು ದೂರದಿಂದ ಕೇಳಿಸುತ್ತಿತ್ತು.

"ಉಸ್ತಾದ್, ಒಂದು ಮಾತು ಕೇಳ್ಲಾ?"

"ಕೇಳಿ."

"ಬಾಯಿ ಮುಚ್ಕೊಂಡಿದ್ದು ಹದಿನಾಲ್ಕನೇ ಜಾಗದಿಂದಲೇ ಹೊರಟಿದ್ರೆ, ಇವತ್ತು ಎಷ್ಟನೆಯವಳಾಗ್ತಿದ್ದೆ?"

ಉಸ್ತಾದ್ ಟೈರಿಗೆ ಅಂಟಿದ್ದ ಸಣ್ಣ ಕಲ್ಲೊಂದನ್ನು ಉಗುರಿನಲ್ಲಿ ಕಿತ್ತು ಪಕ್ಕಕ್ಕೆ ಹಾಕಿದರು.

"ಬಾಯಿ ಮುಚ್ಕೊಂಡಿದ್ದ ಆ ಡಾಕ್ಟ್ರಮ್ಮ ಇವತ್ತು ಗಾಡಿ ಹತ್ತಲೇ ಇಲ್ಲ. ಹತ್ತದೆ ಇದ್ದವರ ನಂಬರು ನನ್ನನ್ನ ಯಾಕೆ ಕೇಳ್ತೀರಿ?"