ಸಾಣೆಚಕ್ರದ ದೂರು

ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಚಿತ್ರ ಹಿಡಿಯುವ ಕ್ಯಾಮೆರಾಕ್ಕೆ ಹೊಸ ಲೆನ್ಸ್ ಸಿಕ್ಕಿಸಿ, ಭರ್ರನೆ ತಿರುಗುವ ಸಾಣೆಚಕ್ರದ ಮುಂದೆ ಪರೀಕ್ಷೆಗೆ ನಿಲ್ಲಿಸಿದ್ದರು. ಮೊದಲ ಚಿತ್ರದಲ್ಲೇ ಕೂದಲೆಳೆಯಂಥ ಬಿರುಕು ಕಂಡಿತು.

“ಬಿರುಕು ಲೆನ್ಸಿನದು,” ಎಂದಿತು ಚಕ್ರ. “ಒಡಕು ಗಾಜನ್ನು ಕಸಕ್ಕೆ ಎಸೆಯಿರಿ. ಹತ್ತು ವರ್ಷ ದುಡಿದ ನನ್ನ ಮೇಲೆ ನಿನ್ನೆ ಬಂದವನ ಚಾಡಿಯೇ?”

ಲೆನ್ಸ್ ಹೇಳಿತು: “ಕ್ಯಾಮೆರಣ್ಣ, ಚಿತ್ರಗಳನ್ನು ಒಂದೊಂದಾಗಿ ನೋಡು. ಬಿರುಕು ನನ್ನದಾದರೆ ಎಲ್ಲದರಲ್ಲೂ ಒಂದೇ ಕಡೆ ಇರುತ್ತದೆ.”

ಕ್ಯಾಮೆರಾ ನೋಡಿತು. ಬಿರುಕು ಚಕ್ರದ ಜೊತೆಗೇ ಸುತ್ತು ಹಾಕುತ್ತಿತ್ತು.

ಚಕ್ರ ದನಿ ತಗ್ಗಿಸಿತು. “ತೋರಿಸಬೇಡವೋ ತಮ್ಮಾ, ನನ್ನನ್ನು ಕಿತ್ತುಹಾಕುತ್ತಾರೆ.”

“ನೀನು ಸಿಡಿದರೆ, ಎದುರು ನಿಂತು ಕುಡುಗೋಲು ಮಸೆಯುವ ಫಕೀರವ್ವನ ಮುಖವೇ ಹೋಗುತ್ತದೆ,” ಎಂದಿತು ಲೆನ್ಸ್. “ನಿನ್ನಂಥ ಚಕ್ರ ಅಂಗಡಿಯಲ್ಲಿ ಸಿಗುತ್ತದೆ.”